ಮುಚ್ಚಿದ ಬಾಗಿಲಾಚೆ ಅಜ್ಜನ ಊಟ

ಇಂಚಿಯೋನ್
ನವೆಂಬರ್ ೩

ಪ್ರೀತಿಯ ಅಮ್ಮನಿಗೆ,

ನೀನು ಖಾರ ಹಾಕಿ ಹುಳಿ ಬರಿಸಿ ಕಳಿಸಿದ ಕೋಸಿನ ಕಿಮ್ಚಿ ಡಬ್ಬಿ ತಲುಪಿತು. ಇಷ್ಟು ಬರೆದು ನಿಲ್ಲಿಸಿದರೆ ನಾನು ಎಂದಿನ ಜಾಣ ಮಗಳೇ. ಆದರೆ ಅಷ್ಟನ್ನೂ ಕುಕ್ಕರಿನ ಅನ್ನದ ಸಮೇತ ಒಂದೇ ಸಲಕ್ಕೆ ತಿಂದು ಬರಿದು ಮಾಡಿ, ಆಮೇಲೆ ಬಚ್ಚಲಿಗೆ ಹೋಗಿ ಬೇಕೆಂದೇ ವಾಂತಿ ಮಾಡಿದೆ. ಕಾಲೇಜಿನ ದಿನಗಳಿಂದಲೂ ಹೀಗೇ ಅಮ್ಮ. ಇದು ಬುಲಿಮಿಯಾ ಎಂಬ ಕಾಯಿಲೆಯಂತೆ.

ಇದಕ್ಕೆಂದು ನಾನೀಗ ತೋರಿಸಿಕೊಳ್ಳುತ್ತಿರುವ ಡಾಕ್ಟರಮ್ಮ ಮೊದಲ ದಿನ ಊಟದ ವಿಷಯ ಎತ್ತಲೇ ಇಲ್ಲ. ನೀನು ಎಂಥ ಹುಡುಗಿ, ಮನೆಯವರು ಹೇಗೆ ಎಂದು ಕೇಳಿದರು. ಒಂದು ಅಂಕ ಕಡಿಮೆ ಬಂದರೂ ನನ್ನನ್ನೇ ಶಪಿಸಿಕೊಳ್ಳುವವಳು, ಯಾರಿಗೂ ಆಗಲ್ಲ ಅನ್ನಲಾರದವಳು ಎಂದೆ. ಅಪ್ಪನ ಮುಂದೆ ದನಿ ಎತ್ತುವ ಪದ್ಧತಿ ನಮ್ಮಲ್ಲಿಲ್ಲ ಎಂದೆ. "ಹಂಗಾದ್ರೆ ನಿಮ್ಮನೇಲಿ ಜಗಳ ಆಡೋರೇ ಇಲ್ವೇನಮ್ಮಾ?" ಎಂದರು. ಯಾಕೋ ಅಳು ಬಂದುಬಿಟ್ಟಿತು.

ಮುಂದಿನ ವಾರ ಅಜ್ಜನ ತಿಥಿ. ಪ್ರತಿ ವರ್ಷದ ಹಾಗೆ ಬಾಗಿಲಲ್ಲೇ ಸೋದರತ್ತೆ, "ಏನೇ ಬೊರಮ್, ಮುಖ ಹುಣ್ಣಿಮೆ ಚಂದ್ರ ಆಗೋಗಿದ್ಯಲ್ಲೇ! ಯಾವ ಗಂಡು ಒಪ್ತಾನೆ?" ಅನ್ನುತ್ತಾಳೆ. ನಿನಗೂ ಅವಳ ಬಾಯಿ ಹೊಸದಲ್ಲ. ಮದುವೆಯಾದ ಹೊಸತರಲ್ಲೇ ನಿನ್ನನ್ನು ಪೀಪಾಯಿ ಅಂದವಳು. ಆದರೂ ನೀನು, "ತಿನ್ನೇ, ಬಡಕಲಾಗಿದೀಯ" ಎಂದು ನನ್ನ ಬಟ್ಟಲಿಗೆ ಮೀನು ಹಾಕಿ, ಹಾಕಿದ ಕೂಡಲೇ ನನ್ನ ಸೊಂಟ ನೋಡುತ್ತೀಯ. ನನಗೆ ಬರಲು ಭಯ.

ಅಜ್ಜನಿಗೆ ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತೇವಲ್ಲ, ಯಾರ ಕಣ್ಣೂ ಬೀಳದೆ ಅವರು ನೆಮ್ಮದಿಯಾಗಿ ಉಣ್ಣಲಿ ಎಂದು? ಅಪ್ಪ ಕೆಮ್ಮಿ ಸೂಚನೆ ಕೊಟ್ಟ ಮೇಲೇ ಒಳಗೆ ಹೋಗುವುದು. ಸತ್ತವರಿಗೆ ಕೊಡುವ ಆ ಮರ್ಯಾದೆಯನ್ನು ಈ ಸಲ ನನಗೂ ಕೊಡು. ನನ್ನ ಬಟ್ಟಲು ನೋಡಬೇಡ, ಬಲವಂತವಾಗಿ ಬಡಿಸಬೇಡ. ಆದರೆ ಊಟವಾದ ಮೇಲೆ ಮಾತ್ರ ನನ್ನನ್ನು ಒಬ್ಬಳನ್ನೇ ಬಿಡಬೇಡ. ಪಾತ್ರೆಗಳು ಹಾಗೇ ಬಿದ್ದಿರಲಿ, ಪಕ್ಕದಲ್ಲಿ ಕೂತು ಏನಾದರೂ ಹರಟು. ಆ ಸ್ವಲ್ಪ ಹೊತ್ತು ದಾಟಿದರೆ ಅವತ್ತಿಗೆ ನಾನು ಗೆದ್ದ ಹಾಗೆ. ಇಷ್ಟಕ್ಕೆ ನೀನು ಒಪ್ಪಿದರೆ ಬರುತ್ತೇನೆ.

ನಿನ್ನ ಮಗಳು,
ಬೊರಮ್

ಮರೆತಿದ್ದೆ: ನಲ್ಲಿ ಜೋರಾಗಿ ಬಿಟ್ಟರೆ ವಾಂತಿಯ ಸದ್ದು ಹೊರಗೆ ಕೇಳುವುದಿಲ್ಲ ಎಂಬುದನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಚಿಕ್ಕವಳಿದ್ದಾಗ, ತಿಥಿಯ ಊಟ ಮುಗಿದು ನೀನು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಾಗಲೆಲ್ಲ ನಾನು ಬಾಗಿಲ ಹೊರಗೇ ನಿಂತಿರುತ್ತಿದ್ದೆ. ಅಮ್ಮ, ಈ ಸಲ ನಿನ್ನನ್ನೂ ನಾನು ಒಬ್ಬಳನ್ನೇ ಬಿಡುವುದಿಲ್ಲ.