ಎರಡನೇ ಪಿಟೀಲಿನ ತೊಟ್ಟಿಲ ಹಾಡು

ಡಿಸೆಂಬರ್ 19, ಶುಕ್ರವಾರ

ಆ ರೇಡಿಯೋದವಳು ತಲೆಗೆ ಹುಳ ಬಿಟ್ಟು ಹೋದಳು. ಸಂಜೆ ತಾಲೀಮಿಗೆ ಬಂದು ನಮ್ಮ ವಾದ್ಯವೃಂದದ ಒಬ್ಬೊಬ್ಬರನ್ನೂ ಕೇಳಿದಳು, ಇಷ್ಟದ ಕ್ರಿಸ್‌ಮಸ್ ಹಾಡು ಯಾವುದು, ಯಾಕೆ ಅಂತ. ಡ್ರಮ್ಮಿನವನು, "ಒಂದೇ ಒಂದು ಸಲ ಗಂಟೆ ಬಾರಿಸಿ ಸುಮ್ಮನೆ ಕೂರೋ ಹಾಡು" ಅಂದ. ನಾನು, ಕೊನೆಯಲ್ಲಿ ನುಡಿಸುವ ತೊಟ್ಟಿಲ ಹಾಡು, ಎದೆ ಹಗುರಾಗುತ್ತೆ ಅಂದೆ. "ಒಂದು ಸಾಲು ಗುನುಗಿ ಸರ್" ಅಂದಳು. ಗುನುಗಿದೆ. ಪಿಳಿಪಿಳಿ ನೋಡಿದಳು. ಕೊಳಲಿನವಳು ಬಿದ್ದು ಬಿದ್ದು ನಕ್ಕಳು: "ಅಯ್ಯೋ, ಅದು ಹಾಡಲ್ಲ ಕಣ್ರೀ, ಮೊದಲನೇ ಪಿಟೀಲು ಹಾಡು ನುಡಿಸುವಾಗ ಇವರ ಎರಡನೇ ಪಿಟೀಲು ಅದರ ಕೆಳಗೆ ಜೊತೆಗೆ ನುಡಿಸೋದು!"

ಹೌದಲ್ಲ. ಇಪ್ಪತ್ತಾರು ವರ್ಷದಿಂದ ನಾನು ನುಡಿಸಿದ್ದು ಅದನ್ನೇ. ದಾರಿಯುದ್ದಕ್ಕೂ ನಿಜವಾದ ರಾಗ ಹಿಡಿಯಲು ನೋಡಿದೆ, ಎರಡೇ ಸ್ವರಕ್ಕೆ ನನ್ನದಕ್ಕೇ ಜಾರುತ್ತೇನೆ. ಹಾಗಾದರೆ ಇಷ್ಟು ವರ್ಷ ನಾನು ಮೆಚ್ಚಿದ್ದು ಯಾವ ಹಾಡನ್ನು?

ಮನೆಗೆ ಬಂದು ಮಗಳಿಗೆ, "ಪುಟ್ಟಿ, ಆ ತೊಟ್ಟಿಲ ಹಾಡು ಸ್ವಲ್ಪ ಗುನುಗು" ಅಂದೆ. ತಟ್ಟೆ ಒರೆಸುತ್ತಲೇ ಗುನುಗಿದಳು. ಪ್ರತಿ ಡಿಸೆಂಬರಿನಲ್ಲೂ ನಾನು ಕೋಣೆಯಲ್ಲಿ ಅಭ್ಯಾಸ ಮಾಡುವುದನ್ನೇ, ಒಂದು ಸ್ವರವೂ ತಪ್ಪದೆ.

"ಅದಲ್ಲ, ನಿಜವಾದದ್ದು."

"ಇದೇ ಅಲ್ವೇನಪ್ಪಾ?"

ಹಿಗ್ಗಬೇಕೋ, ಅಯ್ಯೋ ಪಾಪ ಅನ್ನಬೇಕೋ. ಸರಿಯಾದದ್ದನ್ನು ಕಲಿಸೋಣವೆಂದರೆ ನನಗೆ ಬಂದರೆ ತಾನೇ...