ಎಲುಬು ಬಿಟ್ಟ ಮಾಂಸ

ಡೊಂಬಿವಲಿ ಪೂರ್ವ
ಮಂಗಳವಾರ, 11 ಮಾರ್ಚ್ 2025

ಪ್ರೀತಿಯ ವಸಂತಿ ಅಕ್ಕಾ,

ನಿಮ್ಮ ತಮ್ಮನ ಹೆಂಡತಿ ಸುಂದರಿಯ ನಮಸ್ಕಾರ. ಮೊಣಕಾಲು ನೋವು ಈಗ ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹೊಯ್ದುಕೊಳ್ಳುವುದನ್ನು ಬಿಡಬೇಡಿ. ಕಿವಿಗೆ ಹಾಕುವ ಮಷೀನ್ ಇನ್ನೂ ಪೆಟ್ಟಿಗೆಯಲ್ಲೇ ಇದೆಯಂತೆ. ಅದನ್ನು ಹಾಕಿಕೊಂಡಿದ್ದರೆ ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತೋ ಏನೋ. ಇಲ್ಲ, ಆಗಲೂ ಆಗುತ್ತಿರಲಿಲ್ಲ. ನಿಮಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರೆ ಪಕ್ಕದ ಮನೆಗಳಿಗೂ ಕೇಳುತ್ತದೆ, ಸಂಜೆಯೊಳಗೆ ಇವರ ಕಿವಿಗೂ ಬೀಳುತ್ತದೆ. ಇವರು ಬೆಳಿಗ್ಗೆ ಎಂದಿನಂತೆ ಲೋಕಲ್ ರೈಲು ಹಿಡಿದು ಠಾಣೆಯ ನೌಪಾಡಾಕ್ಕೆ, ಹೋಟೆಲಿನ ಅಡಿಗೆ ಕೆಲಸಕ್ಕೆ ಹೋಗಿದ್ದಾರೆ. ಮಗ ಲತೀಶ ಮಹಾಪೆಯಲ್ಲಿ ಆಫೀಸಿನಲ್ಲಿದ್ದಾನೆ. ಮನೆಯಲ್ಲಿ ನಾನೊಬ್ಬಳೇ ಇರುವಾಗ ಬರೆದು ಮುಗಿಸುತ್ತೇನೆ.

ಮೊದಲು ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ, ಬೈಯಬೇಡಿ. ಅತ್ತೆಯ ಕಾಲದಲ್ಲಿ ಹಂದಿ ಮಾಂಸ ಅಂಗಳದ ಒಲೆಯಲ್ಲೇ ಬೇಯಬೇಕಿತ್ತು, ಮನೆಯೊಳಗೆ ಬರುವಂತಿರಲಿಲ್ಲ. ಡೊಂಬಿವಲಿಯಲ್ಲಿ ಅಂಗಳ ಎಲ್ಲಿಂದ ತರಲಿ? ದೀಪಾವಳಿಗೆ ಲತೀಶ ಒಂದು ಏರ್ ಫ್ರೈಯರ್ ತಂದ. ಕೊಡಪಾನದಷ್ಟು ದೊಡ್ಡ ಕಪ್ಪು ಡಬ್ಬ. ಎಣ್ಣೆ ಬೇಡ, ಬಿಸಿಗಾಳಿಯಲ್ಲೇ ಬೇಯುತ್ತದೆ. ಅದನ್ನು ಬಾಲ್ಕನಿಯಲ್ಲಿ ವಾಷಿಂಗ್ ಮಷೀನಿನ ಮೇಲೆ ಇಟ್ಟಿದ್ದೇನೆ. ಅಡಿಗೆಕೋಣೆಯೊಳಗೆ ತಂದಿಲ್ಲ. ಅತ್ತೆಯ ಮಾತು ಅಷ್ಟಾದರೂ ಉಳಿದಿದೆ.

ಇವರು ಮೊದಲು ನಕ್ಕಿದ್ದರು. "ಗಾಳಿಯಲ್ಲಿ ಬೇಯ್ಲಿಕ್ಕೆ ಇದೇನು ಹಪ್ಪಳವಾ ಮಾರಾಯ್ತಿ?" ಎಂದರು. ವಾರವಿಡೀ ಸಸ್ಯಾಹಾರಿ ಹೋಟೆಲಿನಲ್ಲಿ ಸಾಂಬಾರು, ಪಲ್ಯ ಎನ್ನುತ್ತ ನಿಲ್ಲುವವರಿಗೆ ಭಾನುವಾರದ ಹಂದಿ ಮಾಂಸವೆಂದರೆ ಹಬ್ಬ, ನಿಮಗೆ ಗೊತ್ತೇ ಇದೆ. ಕಲ್ಯಾಣ್ ಪೇಟೆಯ ಅಂಗಡಿಯಿಂದ ಪಕ್ಕೆಲುಬು ತಂದು, ಅದರ ಹಿಂಬದಿಯ ಬಿಳಿ ಪೊರೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ, ಒಂದೇ ಎಳೆತಕ್ಕೆ ಸುಲಿದು ತೋರಿಸಿದರು. "ಇದು ಉಳಿದ್ರೆ ಎಷ್ಟು ಬೇಯ್ಸಿದ್ರೂ ರಬ್ಬರು" ಎಂದರು. ಶುಂಠಿ, ಬೆಳ್ಳುಳ್ಳಿ, ಊರಿನ ಬಾಫತ್ ಮಸಾಲೆ ಪುಡಿ, ವಿನೆಗರ್ ಹಚ್ಚಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಫಾಯಿಲಿನಲ್ಲಿ ಸುತ್ತಿ ನೂರ ಅರವತ್ತು ಡಿಗ್ರಿಯಲ್ಲಿ ನಲವತ್ತು ನಿಮಿಷ ಬೇಯಿಸಿದೆವು. ಆಮೇಲೆ ಫಾಯಿಲು ಬಿಚ್ಚಿ ಇನ್ನೂರಕ್ಕೆ ಏರಿಸಿ ಹತ್ತು ನಿಮಿಷ. ಅಂಚು ಕರಿದಂತೆ ಗರಿಗರಿ, ಒಳಗೆ ರಸ. ಇವರು ಎಲುಬನ್ನು ಹಲ್ಲಿನಲ್ಲಿ ಕಟಕಟನೆ ಮುರಿದು ಒಳಗಿನದನ್ನು ಹೀರಿದರು. ಅವತ್ತು ಒಬ್ಬರೇ ಏಳು ತುಂಡು ತಿಂದಿದ್ದರು.

ಡಿಸೆಂಬರಿನ ಒಂದು ಭಾನುವಾರ ಮೊದಲ ಬಾರಿಗೆ, "ಸ್ವಲ್ಪ ಮೆತ್ತಗೆ ಆಗ್ಬೇಕಿತ್ತು" ಎಂದರು. ನಲವತ್ತು ನಿಮಿಷ ಐವತ್ತಾಯಿತು. ಎರಡು ವಾರ ಬಿಟ್ಟು ಒಂದು ಗಂಟೆ. ಅಂಗಡಿಯವನು ಮುದಿ ಹಂದಿಯದ್ದು ಕೊಡುತ್ತಾನೆಂದು ಅವನೊಡನೆ ಜಗಳವಾಡಿ ಅಂಗಡಿ ಬದಲಿಸಿದರು. ಆಮೇಲೆ ಮಷೀನೇ ಸರಿಯಿಲ್ಲ ಎಂದರು. ನಾನು ಹಸಿ ಪಪ್ಪಾಯಿ ಅರೆದು ಹಚ್ಚತೊಡಗಿದೆ. ಮಾಂಸ ಎಷ್ಟು ಬೆಂದಿತೆಂದರೆ, ಇಕ್ಕುಳದಿಂದ ಎತ್ತಿದರೆ ಎಲುಬು ಮಾತ್ರ ಕೈಗೆ ಬರುತ್ತಿತ್ತು, ಮಾಂಸ ಬುಟ್ಟಿಯಲ್ಲೇ ಉಳಿಯುತ್ತಿತ್ತು. ಲತೀಶನಿಗೆ ಅದೇ ಖುಷಿ. ಅವನ ಬಾಯಲ್ಲಿ ಕನ್ನಡ ಬರುವುದೇ ಅಪರೂಪ, "ಪಪ್ಪಾ, ಔರ್ ಕಿತನಾ ಸಾಫ್ಟ್ ಚಾಹಿಯೇ?" ಎಂದು, ಇನ್ನೆಷ್ಟು ಮೆತ್ತಗೆ ಬೇಕೆಂದು ಕೇಳಿ ನಗುತ್ತಾನೆ. ಇವರೂ ನಗುತ್ತಾರೆ. ನಕ್ಕು ನೀರಿನ ಲೋಟ ಎತ್ತುತ್ತಾರೆ. ಪ್ರತಿ ತುತ್ತಿಗೂ ಒಂದು ಗುಟುಕು ನೀರು. ಅದು ಯಾವಾಗ ಶುರುವಾಯಿತೆಂದು ನೆನಪಿಸಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ನನಗೆ ಆಗುತ್ತಿಲ್ಲ.

ಹಲ್ಲಿನ ತೊಂದರೆ ಇರಬೇಕೆಂದು ಫೆಬ್ರವರಿಯಲ್ಲಿ ಹಟ ಹಿಡಿದು ದಂತವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಆ ಹುಡುಗಿ ಡಾಕ್ಟರು ಬಾಯಿಯೆಲ್ಲ ನೋಡಿ, "ಕಾಕಾ, ನಿಮ್ಮ ಹಲ್ಲು ನನ್ನ ಹಲ್ಲಿಗಿಂತ ಗಟ್ಟಿ ಇದೆ" ಎಂದು ಮರಾಠಿಯಲ್ಲಿ ಹೇಳಿ ಬೆನ್ನು ತಟ್ಟಿದಳು. ಇವರು ಗೆದ್ದವರ ಹಾಗೆ ನನ್ನತ್ತ ನೋಡಿದರು. ರಿಕ್ಷಾದಲ್ಲಿ ಬರುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಅಕ್ಕಾ. ಹಲ್ಲು ಸರಿಯಿದ್ದವರಿಗೆ ಬೆಣ್ಣೆಯಂಥ ಮಾಂಸ ಯಾಕೆ ಬೇಕು?

ನೆಲಮಹಡಿಯ ಕಾಶವ್ವ ನಿಮಗೆ ನೆನಪಿರಬೇಕು, ವಿಜಯಪುರದ ಕಡೆಯವರು, ಕಳೆದ ಸಲ ಬಂದಾಗ ನಿಮಗೆ ಶೇಂಗಾ ಹೋಳಿಗೆ ಕೊಟ್ಟಿದ್ದರು. ಅವರು ಈರುಳ್ಳಿಯನ್ನೂ ಸೋಮವಾರ ಮುಟ್ಟದವರು. ಭಾನುವಾರ ಊಟವಾದ ಮೇಲೆ ಎಲುಬುಗಳನ್ನು ಕಟ್ಟಿಕೊಂಡು ಹೋಗಿ ಪಾರ್ಕಿಂಗಿನ ನಾಯಿಗಳಿಗೆ ಹಾಕುವುದು ಇವರ ಮೊದಲಿನಿಂದಲೂ ಇದ್ದ ಅಭ್ಯಾಸ. ಹೋದ ವಾರ ಕಾಶವ್ವ ನನ್ನನ್ನು ಲಿಫ್ಟಿನ ಬಳಿ ನಿಲ್ಲಿಸಿದರು. "ಬ್ಯಾಸರಾ ಮಾಡ್ಕೋಬ್ಯಾಡ್ರಿ ಸುಂದರಕ್ಕ. ನಿಮ್ಮ ಯಜಮಾನ್ರು ನಾಯಿಗೆ ಬರೇ ಎಲುಬು ಹಾಕೂದಿಲ್ರಿ, ಊಟಾನ ಹಾಕ್ತಾರ. ತಾಟಿನ್ಯಾಗಿಂದು ಪೂರಾ" ಎಂದರು. ಆಮೇಲೆ ಸೆರಗಿನ ತುದಿ ಹಿಡಿದುಕೊಂಡು ನಿಂತೇ ಇದ್ದರು. "ನಮ್ಮ ಅಪ್ಪಾಸಾಹೇಬ್ರೂ ಹಿಂಗs ಮಾಡ್ತಿದ್ರು. ರೊಟ್ಟಿ ಬಿಟ್ರು, ಅನ್ನ ಬಿಟ್ರು, ಅಂಬಲಿಗೆ ಬಂದ್ರು. ನಾ ಸಿಟ್ಟು ಮಾಡ್ತಿದ್ದೆ, ನನ್ನ ಅಡಿಗಿ ಸೇರೂದಿಲ್ಲೇನು ಅಂತ" ಎಂದರು. ಅವರ ಗಂಡ ಅಪ್ಪಾಸಾಹೇಬರು ತೀರಿಕೊಂಡು ಆರು ವರ್ಷ. ಕಾಶವ್ವ ತಮ್ಮ ಗಂಟಲಿನಿಂದ ಎದೆಯ ನಡುವಿನ ತನಕ ಒಂದು ಬೆರಳು ಎಳೆದು ತೋರಿಸಿ ಒಳಗೆ ಹೋದರು.

ಮೊನ್ನೆ ಭಾನುವಾರ ನಾನು ಇವರ ಎದುರಿಗೇ ಕುಳಿತೆ. ಒಂದೂಕಾಲು ಗಂಟೆ ಬೆಂದ ಮಾಂಸ. ಕಡಲೆಕಾಳಿನಷ್ಟು ಚಿವುಟಿ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು. ಲತೀಶ ತನಗೆ ನಿಶ್ಚಯವಾದ ಹುಡುಗಿ ನಿಕಿತಾಳ ಮನೆಯವರ ವಿಷಯ ಹೇಳುತ್ತಿದ್ದ, ಮೇ ಹದಿನೆಂಟಕ್ಕೆ ಮದುವೆಯ ಹಾಲ್ ಸಿಕ್ಕಿತೆಂದು. ಇವರು ತಲೆಯಾಡಿಸುತ್ತಲೇ ನುಂಗಿದರು. ತಲೆ ನಿಂತುಹೋಯಿತು. ಕಣ್ಣು ದೊಡ್ಡದಾಯಿತು, ಕೈ ಎದೆಯ ಮೇಲೆ ಹೋಯಿತು. ನೀರು ಕುಡಿದರು. ನೀರು ಮೂಗಿನಿಂದ, ಬಾಯಿಯಿಂದ ಹಿಂದಕ್ಕೆ ಬಂತು. ಎದ್ದು ಬೇಸಿನ್ನಿಗೆ ಓಡಿದರು. ಲತೀಶ ಬೆನ್ನಿಗೆ ಗುದ್ದುತ್ತ "ಪಪ್ಪಾ, ಪಪ್ಪಾ" ಎನ್ನುತ್ತಿದ್ದ. ಎಷ್ಟು ಹೊತ್ತಾಯಿತೋ ತಿಳಿಯದು, ಕೊನೆಗೆ ಅದು ಹೊರಗೆ ಬಿತ್ತು. "ಖಾರ ನೆತ್ತಿಗೆ ಹತ್ತಿತು, ಅಷ್ಟೇ" ಎಂದು ಮಗನಿಗೆ ಹೇಳಿ ಮುಖ ತೊಳೆದುಕೊಂಡರು. ಅವನು ನಂಬಿದ. ಆ ವಯಸ್ಸಿನಲ್ಲಿ ನಾವೂ ನಂಬುತ್ತಿದ್ದೆವು.

ಅಕ್ಕಾ, ನಾನು ಬೇಸಿನ್ನಿನಲ್ಲಿ ಬಿದ್ದ ಆ ಚೂರನ್ನು ಎತ್ತಿ ಎರಡು ಬೆರಳಿನ ನಡುವೆ ಒತ್ತಿ ನೋಡಿದೆ. ಒತ್ತುವ ಮೊದಲೇ ಕರಗಿಹೋಯಿತು. ಹಲ್ಲಿಲ್ಲದ ಮಗುವಿಗೂ ಕೊಡಬಹುದಾದಷ್ಟು ಮೆತ್ತಗಿತ್ತು. ಇನ್ನು ಎಷ್ಟು ನಿಮಿಷ ಹೆಚ್ಚು ಬೇಯಿಸಲಿ? ಯಾವ ಡಿಗ್ರಿಗೆ ಇಡಲಿ?

ಲತೀಶ ಹೊರಗೆ ಹೋದ ಮೇಲೆ ನಾನು ನೇರವಾಗಿಯೇ ಕೇಳಿದೆ. ಸಿಟ್ಟು ಮಾಡುತ್ತಾರೆಂದುಕೊಂಡಿದ್ದೆ, ಮಾಡಲಿಲ್ಲ. "ಮದುವೆ ಮುಗೀಲಿ ಸುಂದರಿ. ಆಮೇಲೆ ಎಲ್ಲಿಗೆ ಕರೆದ್ರೂ ಬರ್ತೇನೆ. ಈಗ ಹುಡುಗಿ ಮನೆಯವರಿಗೆ ಒಂದು ಮಾತು ಹೋಗಬಾರದು" ಎಂದರು. ಲತೀಶನಿಗೂ ಹೇಳಬಾರದೆಂದು ನನ್ನ ಕೈ ಹಿಡಿದು ಮಾತು ತೆಗೆದುಕೊಂಡರು. ಕೈ ಹಿಡಿದಾಗ ಗೊತ್ತಾಯಿತು, ವಾಚು ಮಣಿಕಟ್ಟಿನಿಂದ ಜಾರಿ ಮೊಳಕೈಯ ಹತ್ತಿರಕ್ಕೆ ಹೋಗಿತ್ತು. ಮೇ ಹದಿನೆಂಟಕ್ಕೆ ಇನ್ನೂ ಅರವತ್ತೆಂಟು ದಿನ ಇದೆ. ದಿನಾ ಬೆಳಿಗ್ಗೆ ಅದೇ ಲೋಕಲಿನಲ್ಲಿ ನಿಂತುಕೊಂಡೇ ಹೋಗುತ್ತಾರೆ, ಹೋಟೆಲಿನಲ್ಲಿ ನೂರು ಜನರ ಅಡಿಗೆಯನ್ನು ಅಂಗೈ ಮೇಲೆ ಒಂದು ಹನಿ ಹಾಕಿ ರುಚಿ ನೋಡುತ್ತಾರೆ. ಅವರ ಹೊಟ್ಟೆಗೆ ದಿನಕ್ಕೆ ಹೋಗುವುದು ಅಷ್ಟೇ ಇರಬೇಕು.

ಹೇಳುವುದಿಲ್ಲವೆಂದು ಮಾತು ಕೊಟ್ಟದ್ದು ಲತೀಶನ ವಿಷಯದಲ್ಲಿ, ನಿಮ್ಮ ವಿಷಯದಲ್ಲಲ್ಲ. ಹೀಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಇವರು ಬೀಡಿ ಬಿಟ್ಟದ್ದು ನಿಮ್ಮ ಒಂದು ಮಾತಿಗೆ. ನಾನು ಹತ್ತು ವರ್ಷ ಅತ್ತಿದ್ದು ವ್ಯರ್ಥವಾಗಿತ್ತು. ಎತ್ತಿ ಆಡಿಸಿ ಸಾಕಿದವರು ನೀವು. ಮದುವೆಯ ಕೆಲಸಕ್ಕೆ ಕೈ ಬೇಕೆಂದು ನೆಪ ಮಾಡಿ ಏಪ್ರಿಲ್ ಮೊದಲ ವಾರಕ್ಕೇ ಬಂದುಬಿಡಿ. ಬಂದು ಕಿವಿ ಹಿಡಿದು ಡಾಕ್ಟರ ಬಳಿ ಕರೆದುಕೊಂಡು ಹೋಗಿ. ನಾನು ಹೇಳಿಕಳಿಸಿದೆನೆಂದು ಮಾತ್ರ ತಿಳಿಯುವುದು ಬೇಡ. ಈ ಪತ್ರವನ್ನು ಹೋಟೆಲಿನ ಕ್ಯಾಶಿಯರ್ ಜಯೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ನಮ್ಮ ಪಕ್ಕದ ಬಿಲ್ಡಿಂಗಿನವನು, ಇವತ್ತು ಮಧ್ಯಾಹ್ನದ ರೈಲಿಗೆ ಊರಿಗೆ ಹೊರಟಿದ್ದಾನೆ. ನಾಳೆ ಬೆಳಿಗ್ಗೆ ಶಿರ್ವಕ್ಕೆ ಬಂದು ನಿಮಗೇ ಕೊಡುತ್ತಾನೆ. ಓದಿ ಒಲೆಗೆ ಹಾಕಿ.

ಮನೆಯ ಮಕ್ಕಳಿಗೆಲ್ಲ ನನ್ನ ಆಶೀರ್ವಾದ ಹೇಳಿ. ನಿಮ್ಮ ಕಾಲಿಗೆ ಇಲ್ಲಿಂದಲೇ ಬಗ್ಗಿದ್ದೇನೆ.

ನಿಮ್ಮ
ಸುಂದರಿ

ಮತ್ತೆ: ಅಕ್ಕಾ, ಇವರು ಈಗ ಮನೆಗೆ ಬಂದರು. ಹನ್ನೊಂದೂವರೆ ಗಂಟೆ. ಮೂವತ್ತೆಂಟು ವರ್ಷದಲ್ಲಿ ಊಟದ ಹೊತ್ತಿಗೆ ಅಡಿಗೆ ಬಿಟ್ಟು ಬಂದವರಲ್ಲ. ಪತ್ರ ಮುಚ್ಚಿಡಲು ನನಗೆ ಸಮಯ ಸಿಗಲಿಲ್ಲ, ನಿಂತುಕೊಂಡೇ ಪೂರ್ತಿ ಓದಿದರು. ಬೈಯಲಿಲ್ಲ. ಬೆಳಿಗ್ಗೆಯಿಂದ ನೀರೂ ಇಳಿಯುತ್ತಿಲ್ಲವಂತೆ, ಟವೆಲಿಗೆ ಉಗುಳುತ್ತ ಕುಳಿತಿದ್ದಾರೆ. ಲತೀಶನಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ, ಹೊರಟಿದ್ದಾನೆ. ಆಸ್ಪತ್ರೆಗೆ ಹೋಗುತ್ತೇವೆ. ಜಯೇಶ ಬಾಗಿಲಲ್ಲಿ ಕಾಯುತ್ತಿದ್ದಾನೆ. "ಏಪ್ರಿಲ್ ಅಂತ ಬರ್ದದ್ದನ್ನು ಹೊಡೆದುಹಾಕು, ನಾಳೆಯೇ ಹೊರಟು ಬರ್ಲಿಕ್ಕೆ ಬರಿ ಅಕ್ಕನಿಗೆ" ಎಂದು ಇವರೇ ಹೇಳುತ್ತಿದ್ದಾರೆ.