ಹೊರಗಿನ ಚಿಲಕ

ಜನವರಿ ೨೩, ಮಂಗಳವಾರ

ಇವತ್ತೂ ಬಾಗಿಲು ಹಿಡಿದು ನಿಂತಿದ್ದಾಯಿತು. ಬೆಳಿಗ್ಗೆ ರೂಮ್‌ಮೇಟ್ ಗುಬ್ಬಿಗೆ, ಮಧ್ಯಾಹ್ನ ಯಾರೋ ಫಸ್ಟ್ ಇಯರ್ ಹುಡುಗಿಗೆ. "ಅಕ್ಕ, ಸ್ವಲ್ಪ ಹಿಡ್ಕೋತೀರಾ?" ಅಂದಳು. ಮುಖ ಕೂಡ ಸರಿಯಾಗಿ ನೋಡಲಿಲ್ಲ, ಬೆನ್ನು ಕೊಟ್ಟು ನಿಂತೆ.

ಹಳೇ ಬ್ಲಾಕ್, ಮೂರನೇ ಮಹಡಿ, ಲೇಡೀಸ್ ಟಾಯ್ಲೆಟ್. ಒಳಗೆ ನಾಲ್ಕು ಬಾಗಿಲು, ಒಂದಕ್ಕೂ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಕಾವಲು. ಜೊತೆಗೆ ಯಾರೂ ಇಲ್ಲದಿದ್ದರೆ ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಬಟ್ಟೆ. ಮೂಗು ಮುಚ್ಚಿಕೊಳ್ಳಲು ಮೂರನೇ ಕೈ ಎಲ್ಲಿಂದ ತರುವುದು? ನೆಲದ ಮೇಲೆ ನಿಂತ ನೀರು ಯಾವ ನೀರು ಎಂದು ಯೋಚಿಸಬಾರದು. ಯೋಚಿಸಿದೆ. ಊಟ ಸೇರಲಿಲ್ಲ.

ಯೂನಿಯನ್ ರೂಮಿನ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಬಂಗಾರದ ಬಣ್ಣದಲ್ಲಿ "ಸೇವಾ ಕಾರ್ಯದರ್ಶಿ" ಎಂದು ಬರೆಸಿದ್ದಾರೆ. ಇಡೀ ಕಾಲೇಜಿನ ವಿದ್ಯಾರ್ಥಿಗಳ ಅನುಕೂಲ ನೋಡಿಕೊಳ್ಳುವವಳು. ಸದ್ಯಕ್ಕೆ ಮಾಡುತ್ತಿರುವ ಸೇವೆ ಇದೊಂದೇ.

ಗುಬ್ಬಿ ಬೆಳಿಗ್ಗೆ ರೂಮಿನಿಂದ ಹೊರಟರೆ ಸಂಜೆ ವಾಪಸು ಬರುವವರೆಗೆ ತೊಟ್ಟು ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಬೇಕಲ್ಲ. ಹೋದ ವರ್ಷ ಹೀಗೇ ತಡೆದೂ ತಡೆದೂ ಇನ್‌ಫೆಕ್ಷನ್ ಆಗಿ, ಜ್ವರ ಏರಿ, ಕೆಮಿಸ್ಟ್ರಿ ಪ್ರಾಕ್ಟಿಕಲ್ ತಪ್ಪಿಸಿಕೊಂಡಳು. ಒಂದು ವರ್ಷ ಮಣ್ಣುಪಾಲು. ಈ ಸಲ ಮಾರ್ಚ್ ಹದಿನೈದಕ್ಕೆ ಪರೀಕ್ಷೆ, ಇಡೀ ದಿನ, ಅದೇ ಮಹಡಿಯಲ್ಲಿ. ಮಧ್ಯೆ ಒಂದು ಸಲ ಐದು ನಿಮಿಷ ಹೊರಗೆ ಬಿಡುತ್ತಾರೆ. ಅಷ್ಟರಲ್ಲಿ ಹೊಸ ಬ್ಲಾಕಿಗೆ ಓಡಿ ಬರಲು ಆಗುವುದಿಲ್ಲ. ಈ ಸಲವೂ ಹೋದರೆ ಡಿಗ್ರಿಯೇ ಹೋದಂತೆ, ಮತ್ತೆ ಬರೆಯಲು ಬಿಡುವುದಿಲ್ಲ. ಡಾಕ್ಟರು ಬೇರೆ ಬೈದು ಕಳಿಸಿದ್ದಾರೆ, "ಇನ್ನೊಂದ್ಸಲ ಹೀಗೆ ತಡ್ಕೊಂಡ್ರೆ ಕಿಡ್ನಿಗೆ ಹೋಗುತ್ತೆ ನೋಡಮ್ಮ."

ಅಷ್ಟರೊಳಗೆ ಚಿಲಕ ಹಾಕಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ನಾಲ್ಕು ಚಿಲಕ. ಅರಮನೆ ಕೇಳುತ್ತಿಲ್ಲ.


ಜನವರಿ ೩೦

ಯೂನಿಯನ್ ಮೀಟಿಂಗ್. ಟೀ ಶರ್ಟಿನ ಬಣ್ಣ ಯಾವುದಿರಬೇಕು ಎಂದು ಒಂದೂವರೆ ಗಂಟೆ ಚರ್ಚೆ. ಕಡುನೀಲಿಯೋ, ಇನ್ನೂ ಕಡುನೀಲಿಯೋ.

ಅಧ್ಯಕ್ಷ ಹತ್ತು ಜನರ ಮುಂದೆ ಮಾತಾಡಲೂ ಮೈಕ್ ಹಿಡಿಯುತ್ತಾನೆ. ಎಲ್ಲರೂ ಅವನನ್ನು ಕರೆಯುವುದೇ ಮೈಕ್ ಎಂದು. ಅವನಿಗೂ ಗೊತ್ತು, ಬೇಜಾರಿಲ್ಲ, ಖುಷಿ.

ಕೊನೆಗೆ ನನ್ನ ಸರದಿ. "ಹಳೇ ಬ್ಲಾಕಿನ ಲೇಡೀಸ್ ಟಾಯ್ಲೆಟ್ಟಿಗೆ ಚಿಲಕ ಇಲ್ಲ" ಅಂದೆ. ಒಬ್ಬ ಫ್ಯಾನ್ ನೋಡಿದ. ಒಬ್ಬ ಫೋನ್ ತೆಗೆದ. ಖಜಾಂಚಿಗೆ ಇದ್ದಕ್ಕಿದ್ದಂತೆ ಕೆಮ್ಮು. ಮೈಕ್‌ನ ಕಿವಿ ಕೆಂಪಾಯಿತು.

"ಅದು ಸ್ವಲ್ಪ ಸೆನ್ಸಿಟಿವ್ ವಿಷಯ. ನಾನು ಆಫೀಸಲ್ಲಿ ಮಾತಾಡ್ತೀನಿ ಬಿಡು. ಡೀಟೇಲ್ಸ್‌ಗೆಲ್ಲ ಹೋಗೋದು ಬೇಡ."

"ಡೀಟೇಲ್ಸ್ ಏನಿದೆ? ಚಿಲಕ. ಬಾಗಿಲ ಒಳಗಡೆ."

"ಆಯ್ತು, ಆಯ್ತು, ನೆಕ್ಸ್ಟ್ ಪಾಯಿಂಟ್."

ನೆಕ್ಸ್ಟ್ ಪಾಯಿಂಟ್ ಟೀ ಶರ್ಟಿನ ಹಿಂದೆ ಯಾರ ಯಾರ ಹೆಸರು ಬರಬೇಕು ಎಂಬುದು.


ಫೆಬ್ರವರಿ ೮

ಮೈಕ್ ಮಾತಾಡಿದನಂತೆ. ಏನು ಮಾತಾಡಿದ ಎಂದರೆ "ಹೇಳಿದ್ದೀನಲ್ಲ" ಅಷ್ಟೇ. ನಂಬಿಕೆ ಬರಲಿಲ್ಲ. ನಾನೇ ಅರ್ಜಿ ಹಿಡಿದು ಸೂಪರಿಂಟೆಂಡೆಂಟ್ ಹತ್ತಿರ ಹೋದೆ.

ಅರ್ಧ ಗಂಟೆ ನಿಲ್ಲಿಸಿದರು. ಆಮೇಲೆ ಅರ್ಜಿ ಓದಿ, ಕೊಳೆ ಬಟ್ಟೆ ಎತ್ತಿದಂತೆ ಎರಡೇ ಬೆರಳಲ್ಲಿ ಎತ್ತಿ ವಾಪಸು ಕೊಟ್ಟರು. "ಟಾಯ್ಲೆಟ್ ಅಂತೆಲ್ಲ ಬರೀಬೇಡಮ್ಮ. ಸೌಲಭ್ಯ ಅಂತ ಹಾಕು. ಹೆಣ್ಮಕ್ಕಳು ಇಷ್ಟು ಓಪನ್ನಾಗಿ ಬರೆಯೋದು ಚೆನ್ನಾಗಿರಲ್ಲ."

"ಸರ್, ಚಿಲಕ ಒಳಗಡೆ ಬರಬೇಕು."

"ಗೊತ್ತಮ್ಮ, ಗೊತ್ತು. ಅಧ್ಯಕ್ಷರು ಹೇಳಿದಾರೆ."

ನಾನು ಇನ್ನೂ ಅಲ್ಲೇ ನಿಂತಿರುವಾಗಲೇ ಎದ್ದರು. ಕುರ್ಚಿಯ ಹಿಂದೆ ಅವರದೇ ಬಾತ್‌ರೂಮಿದೆ. ಒಳಗೆ ಹೋದರು. ಕಟಕ್ ಎಂದು ಚಿಲಕ ಹಾಕಿಕೊಂಡರು. ಎಣ್ಣೆ ಬಿಟ್ಟ ಒಳ್ಳೇ ಚಿಲಕ, ಸದ್ದಿನಲ್ಲೇ ಗೊತ್ತಾಗುತ್ತದೆ. ಹೊರಗೆ ಬಂದು, ನಾನು ಸೌಲಭ್ಯ ಎಂದು ತಿದ್ದಿಟ್ಟ ಅರ್ಜಿಗೆ ಒದ್ದೆ ಕೈಯಲ್ಲೇ ಸಹಿ ಹಾಕಿದರು. ಥೂ.


ಫೆಬ್ರವರಿ ೨೭

ಎರಡು ವಾರ "ದುರಸ್ತಿ ನಡೆಯುತ್ತಿದೆ" ಬೋರ್ಡು. ಎಲ್ಲರೂ ಹೊಸ ಬ್ಲಾಕಿಗೆ ಪೆರೇಡ್ ಮಾಡಿದೆವು, ಅರ್ಧ ಕ್ಲಾಸು ಕಳೆದುಕೊಂಡೆವು. ನನಗೆ ಮಾತ್ರ ಒಳಗೊಳಗೇ ಹಿಗ್ಗು. ಕೆಲಸ ಆಗುತ್ತಿದೆಯಲ್ಲ.

ಇವತ್ತು ಮುಗಿಯಿತು. ಓಡಿ ಹೋಗಿ ನೋಡಿದೆ. ಬಿಳಿ ಟೈಲ್ಸ್. ಗೋಡೆಯುದ್ದ ಕನ್ನಡಿ. ಸೋಪಿನ ಬಾಟಲಿ. ಕಿಟಕಿಯಲ್ಲಿ ಪ್ಲಾಸ್ಟಿಕ್ ಹೂವು. ಒಳಗಿನ ನಾಲ್ಕು ಬಾಗಿಲಿಗೆ ಹೊಸ ಬಣ್ಣ. ಚಿಲಕ?

ಚಿಲಕ ಇದೆ. ಒಂದೇ ಒಂದು. ಮುಂಬಾಗಿಲಿಗೆ, ಹೊರಗಡೆಯಿಂದ. ಅದಕ್ಕೆ ಮುಷ್ಟಿಗಾತ್ರದ ಬೀಗ.

ಬಡಗಿ ಇನ್ನೂ ಸಾಮಾನು ಕಟ್ಟುತ್ತಿದ್ದ. ಕೇಳಿದೆ. "ನಂಗೇನ್ ಗೊತ್ತಮ್ಮ? ಚಿಲಕ ಹಾಕು ಅಂದ್ರು. ಯಾವ ಕಡೆ ಸಾರ್ ಅಂತ ಕೇಳ್ದೆ. ಅದೆಲ್ಲ ಹೆಂಗಸರ ವಿಷ್ಯ, ನಂಗೊತ್ತಿಲ್ಲ, ಹಾಕಿ ಹೋಗು ಅಂದ್ರು. ಹಾಕ್ದೆ."

ಮೈಕ್‌ನನ್ನು ಹಿಡಿದು ಕೇಳಿದೆ. "ಅಷ್ಟೊಂದು ಜನ ದೊಡ್ಡವರು ಕೂತಿರ್ತಾರೆ, ಅವರ ಮುಂದೆ ಒಳಗಡೆ, ಹೊರಗಡೆ ಅಂತ ಹೇಗೆ ಬಿಡಿಸಿ ಹೇಳ್ಲಿ, ನೀನೇ ಹೇಳು. ಭದ್ರತೆ ಬೇಕು ಅಂದೆ. ಮಾಡಿದಾರಲ್ಲ?"

ಮೂಗು ಮುಚ್ಚಿಕೊಂಡು ಅಲ್ಲಿಂದ ಬಂದೆ. ಟಾಯ್ಲೆಟ್ಟಿನ ವಾಸನೆಗಲ್ಲ. ಅದೀಗ ಹೂವಿನ ವಾಸನೆ ಹೊಡೆಯುತ್ತಿದೆ.


ಮಾರ್ಚ್ ೧

ಕೀ ಆಫೀಸಿನಲ್ಲಿ. ಬೇಕಾದವರು ಹೋಗಿ ಕೇಳಬೇಕು. ಐದು ಜನ ಗಂಡಸರು ಕೂತ ರೂಮಿಗೆ ಹೋಗಿ, ಕೀ ಬೇಕು ಎಂದು ಯಾವ ಹುಡುಗಿ ಕೇಳುತ್ತಾಳೆ? ಕೇಳಿದವರಿಗೂ ಸಿಗುವುದಿಲ್ಲ. "ಟೈಲ್ಸ್ ಹೊಸದು. ತಂಡ ಬಂದು ನೋಡಿ ಹೋಗೋವರೆಗೆ ಗಲೀಜು ಆಗ್ಬಾರ್ದು." ಕಾಲೇಜಿಗೆ ಗ್ರೇಡ್ ಕೊಡುವ ತಂಡ ಬರುತ್ತದಂತೆ, ಈ ತಿಂಗಳು. ಅದಕ್ಕೇ ಇಷ್ಟು ಬೇಗ ಕೆಲಸ ಆಯಿತು. ನನ್ನ ಅರ್ಜಿಗಲ್ಲ.

ಮೊದಲು ಕೊಳಕಾಗಿತ್ತು, ತೆರೆದಿತ್ತು. ಈಗ ಫಳಫಳ, ಮುಚ್ಚಿದೆ. ಮೆಟ್ಟಿಲ ಮೇಲೆ ಯಾರೋ ನನಗೆ ಕೇಳುವ ಹಾಗೆ, "ಬಂದ್ಲು ನೋಡೇ, ಸೇವೆ ಮಾಡೋಳು" ಅಂದರು. ಕೇಳಿಸದವಳ ಹಾಗೆ ಬಂದೆ. ಏನು ಹೇಳಲಿ, ಅವರು ಹೇಳಿದ್ದರಲ್ಲಿ ತಪ್ಪೇನಿದೆ.


ಮಾರ್ಚ್ ೫

ಜಗಳ ಆಡಿ ಕೀ ಕಿತ್ತುಕೊಂಡೆ. ಬ್ರೇಕಿನಲ್ಲಿ ನಾನೇ ತೆಗೆಯುತ್ತೇನೆ, ನಾನೇ ಹಾಕುತ್ತೇನೆ ಅಂದೆ. ಸೂಪರಿಂಟೆಂಡೆಂಟರಿಗೆ ಪೀಡೆ ತೊಲಗಿದ ಹಾಗಾಯಿತು. "ಒಂದು ಕಲೆ ಬಿದ್ರೂ ನಿನ್ನನ್ನೇ ಕೇಳೋದು, ನೋಡ್ಕೋ."

ಗುಬ್ಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಓಟು ಹಾಕಿ ವಾಚ್‌ಮನ್ ಮಾಡಿದ್ವಾ ನಿನ್ನ?" ಆಮೇಲೆ ಒಂದು ಲೋಟ ನೀರು ಗಟಗಟ ಕುಡಿದಳು, ಕ್ಲಾಸಿಗೆ ಹೊರಡುವ ಮುಂಚೆ. ಎಷ್ಟು ದಿನವಾಗಿತ್ತು ಅವಳು ಹಾಗೆ ಕುಡಿದದ್ದು ನೋಡಿ. ಇವತ್ತು ಮಾತ್ರ ಯಾರ ಮೇಲೂ ಸಿಟ್ಟಿಲ್ಲ.


ಮಾರ್ಚ್ ೧೧

ಬ್ರೇಕಿನಲ್ಲಿ ಸಾಲು. ಒಳಗಿನ ಬಾಗಿಲಿಗೆ ಚಿಲಕ ಇಲ್ಲದ್ದರಿಂದ ಈಗಲೂ ಒಬ್ಬರಿಗೊಬ್ಬರು ಹಿಡಿಯಬೇಕು. ಒಬ್ಬಳು ಕೈ ತೊಳೆದು ನೆಲದ ಮೇಲೆಲ್ಲ ನೀರು ಕೊಡವಿದಳು.

"ಏಯ್, ನೀರು ಚೆಲ್ಲಬೇಡ. ಟೈಲ್ಸ್ ಹೊಸದು."

ಹೇಳಿದ್ದು ನಾನು. ಆ ಹುಡುಗಿ "ಸಾರಿ ಮೇಡಂ" ಅಂದಳು. ಮೇಡಂ. ಮೊನ್ನೆವರೆಗೆ ಅಕ್ಕ ಅನ್ನುತ್ತಿದ್ದವರು. ರೂಮಿಗೆ ಬಂದು ಮುಖ ತೊಳೆದುಕೊಂಡೆ, ಎರಡು ಸಲ.


ಮಾರ್ಚ್ ೧೩

ತಂಡ ಬರುವುದು ನಾಡಿದ್ದು. ಹದಿನೈದನೇ ತಾರೀಖೇ.

ಪ್ರಿನ್ಸಿಪಾಲರು ಕರೆಸಿದರು. ಮೈಕ್ ಆಗಲೇ ಅಲ್ಲಿ ಕೂತು ಹಲ್ಲು ಗಿಂಜುತ್ತಿದ್ದ. ತಂಡಕ್ಕೆ ಮೊದಲು ತೋರಿಸುವುದೇ ನಮ್ಮ ಟಾಯ್ಲೆಟ್, ಯೂನಿಯನ್ ಸಾಧನೆ ಎಂದು. ತೋರಿಸುವವಳು ನಾನು. ಅವರು ಒಪ್ಪಿದರೆ ಎಲ್ಲ ಬ್ಲಾಕಿನಲ್ಲೂ ಒಳಗೆ ಚಿಲಕ, ದಿನವಿಡೀ ತೆರೆದಿಡುವುದು. "ಒಳಗಡೆ ಚಿಲಕ ನಾನು ಸ್ಯಾಂಕ್ಷನ್ ಮಾಡಿಕೊಡ್ತೀನಮ್ಮ, ನನ್ನ ಮಾತು" ಅಂದರು ಪ್ರಿನ್ಸಿಪಾಲರು. ಒಳಗಡೆ ಎಂದು ಬಾಯಿಬಿಟ್ಟು ಹೇಳಿದ ಮೊದಲ ಗಂಡಸು.

ಅವತ್ತು ಪರೀಕ್ಷೆ ಇದೆ, ಬೀಗ ತೆಗೆದೇ ಇಟ್ಟಿರುತ್ತೇನೆ ಅಂದೆ. ಮೈಕ್ ಹೌಹಾರಿದ. "ಅವರು ಬರೋ ಮುಂಚೆ ಯಾರಾದ್ರೂ ಹೋಗಿ ಬಂದ್ರೆ? ಹತ್ತೂವರೆಗೆಲ್ಲ ಮುಗಿಯುತ್ತೆ ಮಾರಾಯ್ತಿ. ಆಮೇಲೆ ತೆಗೆದಿಡು. ಅಲ್ಲಿವರೆಗೆ ಕೀ ಹಿಡ್ಕೊಂಡು ಗೇಟ್ ಹತ್ರ ಇರು."

ಗುಬ್ಬಿಗೆ ಹೇಳಿದೆ. ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. "ಎಲ್ಲರಿಗೂ ಚಿಲಕ ಸಿಗುತ್ತೆ ಅಂದ್ರೆ ಹೋಗು. ಹತ್ತೂವರೆವರೆಗೆ ನಂಗೇನೂ ಆಗಲ್ಲ. ಹನ್ನೊಂದಕ್ಕೆ ಮಾತ್ರ ಬಾಗಿಲ ಹತ್ರ ಇರೇ."

"ಇರ್ತೀನಿ ಕಣೇ" ಅಂದೆ.


ಮಾರ್ಚ್ ೧೫, ಸಂಜೆ

ಬರೆಯಲು ಆಗುತ್ತಿಲ್ಲ. ಬರೆಯದೆ ಇರಲೂ ಆಗುತ್ತಿಲ್ಲ.

ತಂಡ ಹತ್ತಕ್ಕೆ ಬರಲಿಲ್ಲ. ಹತ್ತೂವರೆಗೂ ಇಲ್ಲ. ಹನ್ನೊಂದಕ್ಕೆ ನಾನು ಹೊರಟೆ, ಮೈಕ್ ಕೈ ಹಿಡಿದು ನಿಲ್ಲಿಸಿದ. "ಸರ್ಕಲ್ ದಾಟಿದಾರಂತೆ, ಬಂದೇ ಬಿಟ್ರು." ಇನ್ನೂ ಒಂದು ಗಂಟೆ ಬರಲಿಲ್ಲ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಬಂದೇ ಬಿಟ್ರು. ನಾನೂ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಸರಿ ಎಂದು ನಿಂತೆ. ಕೈಯಲ್ಲಿ ಕೀ ಬಿಸಿಯಾಗಿತ್ತು.

ಬಂದರು. ನಾಲ್ಕು ಜನ, ನಾಲ್ವರೂ ಗಂಡಸರು. ಹೂಗುಚ್ಛ, ಕಾಫಿ, ಫೋಟೋ. ಆಮೇಲೆ ಮೆಟ್ಟಿಲು, ಒಂದೊಂದು ಮಹಡಿಗೂ ನಿಂತು ಸುಧಾರಿಸಿಕೊಳ್ಳುತ್ತ.

ಮೂರನೇ ಮಹಡಿ ತಿರುಗಿದರೆ ಗುಬ್ಬಿ. ಬೀಗ ಹಾಕಿದ ಬಾಗಿಲಿಗೆ ಒರಗಿ ನಿಂತಿದ್ದಳು, ಬಿಳಿ ಕೋಟಿನಲ್ಲಿ. ಮುಖವೂ ಅಷ್ಟೇ ಬಿಳಿ. ಹನ್ನೊಂದಕ್ಕೆ ಸಿಗಬೇಕಿದ್ದ ಐದು ನಿಮಿಷ ಅವಳಿಗೆ ಈಗ ಸಿಕ್ಕಿತ್ತು. ನನ್ನನ್ನು ಕಂಡದ್ದೇ ಕೈ ಚಾಚಿದಳು, ಕೀ ಕೊಡು ಎಂದು.

ಮೈಕ್ ಮಧ್ಯೆ ಬಂದ. "ಒಂದ್ನಿಮಿಷ, ಗೆಸ್ಟ್ ಮೊದಲು ನೋಡ್ಲಿ."

ಅವಳು ಅವನ ಕಡೆ ನೋಡಲೇ ಇಲ್ಲ. ನನ್ನನ್ನು ನೋಡಿದಳು.

"ಒಂದೇ ನಿಮಿಷ ಕಣೇ" ಅಂದೆ. ನಾನು. ಬೇರೆ ಯಾರೂ ಅಲ್ಲ, ನಾನು. ಪ್ರಿನ್ಸಿಪಾಲರ ಮುಖ ನೋಡಿಕೊಂಡು ಅಂದೆ.

ಬೀಗ ತೆಗೆದೆ. ನಾಲ್ಕು ಜನ ಗಂಡಸರು ಲೇಡೀಸ್ ಟಾಯ್ಲೆಟ್ಟಿನ ಒಳಗೆ ಹೋದರು. ಈಗ ಯಾರಿಗೂ ನಾಚಿಕೆ ಇರಲಿಲ್ಲ. ಒಬ್ಬರು ಕನ್ನಡಿಯಲ್ಲಿ ಕೂದಲು ಸರಿ ಮಾಡಿಕೊಂಡರು. ಇನ್ನೊಬ್ಬರು ಕೇಳಿದರು, "ಇಷ್ಟು ಕ್ಲೀನಾಗಿ ಹೇಗ್ರೀ ಇಟ್ಕೊಂಡಿದ್ದೀರಿ?" ಮೈಕ್ ಕೈ ಕಟ್ಟಿಕೊಂಡು, "ಸ್ಟೂಡೆಂಟ್ಸ್ ಶಿಸ್ತು ಸರ್" ಅಂದ. ನನ್ನನ್ನೂ ಎಳೆದು ನಿಲ್ಲಿಸಿ ಫೋಟೋ ತೆಗೆದರು. ನಕ್ಕಿರಬೇಕು ನಾನು. ಫೋಟೋ ಅಂದರೆ ನಗುತ್ತೇವಲ್ಲ.

ಹೊರಗೆ ಬಂದಾಗ ಗುಬ್ಬಿ ಇರಲಿಲ್ಲ. ಸೂಪರ್‌ವೈಸರು ಕರೆದುಕೊಂಡು ಹೋಗಿದ್ದರು, ಟೈಮ್ ಮುಗೀತು ಎಂದು. ಲ್ಯಾಬಿನ ಬಾಗಿಲು ತಟ್ಟಿದೆ, ಕೈ ಮುಗಿದೆ. "ಎರಡನೇ ಸಲ ಬಿಡೋ ಹಾಗಿಲ್ಲಮ್ಮ, ರೂಲ್ಸು." ಟಾಯ್ಲೆಟ್ಟಿನ ಬಾಗಿಲು ಹಾರುಹೊಡೆದಿಟ್ಟು ಅಲ್ಲೇ ನಿಂತೆ. ಯಾರ್ಯಾರೋ ಬಂದು ಹೋದರು.

ಎರಡೂವರೆಗೆ ಅವಳು ಎದ್ದು ಬಂದಳು. ಪರೀಕ್ಷೆ ಮುಗಿದಿರಲಿಲ್ಲ, ಅರ್ಧಕ್ಕೇ. ಫೈಲನ್ನು ಹಿಂದಕ್ಕೆ ಹಿಡಿದುಕೊಂಡಿದ್ದಳು, ಕೋಟಿಗೆ ಅಡ್ಡ. ನನ್ನ ಮುಂದೆಯೇ ಹೋದಳು. ಟಾಯ್ಲೆಟ್ಟಿನೊಳಗೆ ಹೋಗಲಿಲ್ಲ. ಅಗತ್ಯ ಇರಲಿಲ್ಲ.

ಈಗ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಕೋಟು ಬಕೆಟ್ಟಿನಲ್ಲಿದೆ. ನಾನು ಒಗೆಯುತ್ತೇನೆ ಅಂದೆ. "ಮುಟ್ಟಬೇಡ" ಅಂದಳು. ಇವತ್ತು ಅವಳು ನನ್ನ ಹತ್ತಿರ ಆಡಿದ್ದು ಅದೊಂದೇ ಮಾತು.


ಮಾರ್ಚ್ ೧೭, ಭಾನುವಾರ. ಆಸ್ಪತ್ರೆ

ಜ್ವರ ನಿನ್ನೆ ಬೆಳಗಿನ ಜಾವ ಏರಿತು, ಮೈ ನಡುಕ. ಆಟೋದಲ್ಲಿ ಕರೆತಂದೆ. ಡ್ರಿಪ್ ಹಾಕಿದ್ದಾರೆ. ಡಾಕ್ಟರು ಅವರೇ. ಈ ಸಲ ಬೈಯಲೂ ಇಲ್ಲ.

ಮೈಕ್ ಮೆಸೇಜ್ ಕಳಿಸಿದ್ದಾನೆ. ತಂಡ ಬಾಯಿತುಂಬ ಹೊಗಳಿದೆಯಂತೆ, ನೋಟಿಸ್ ಬೋರ್ಡಿಗೆ ಹಾಕಿದ್ದಾರಂತೆ. ನನ್ನ ಫೋಟೋ ಕೂಡ. ಚಿಲಕ ಏನಾಯಿತು ಎಂದು ಕೇಳಿದೆ. "ತಂಡಕ್ಕೆ ಓಕೆ ಆಯ್ತಲ್ಲ, ಇನ್ನು ಅರ್ಜೆಂಟಿಲ್ಲ ಅಂದ್ರು ಪ್ರಿನ್ಸಿಪಾಲ್. ಮುಂದಿನ ವರ್ಷ ನೋಡೋಣ." ಕೊನೆಯಲ್ಲಿ ಕೈ ಮುಗಿಯುವ ಗೊಂಬೆ. ಫೋನನ್ನು ಕಿಟಕಿಯಿಂದ ಬಿಸಾಡಬೇಕೆನಿಸಿತು. ಬಿಸಾಡಲಿಲ್ಲ. ನನ್ನದು ಯಾವಾಗಲೂ ಅನಿಸುವುದಷ್ಟೇ.

ಗುಬ್ಬಿಯ ಅಕ್ಕ ಬಂದಿದ್ದಾರೆ, ರಾತ್ರಿಯಿಡೀ ಬಸ್ಸಿನಲ್ಲಿ ಕೂತು. ತಂಗಿಯನ್ನು ಓದಿಸುತ್ತಿರುವವರು ಅವರೇ, ಬಟ್ಟೆ ಹೊಲಿದು. ನನಗೂ ಬಿಸ್ಕತ್ತು ತಂದಿದ್ದರು. "ನೀವಿದ್ದಿದ್ದಕ್ಕೆ ಆಯ್ತಮ್ಮ" ಎಂದು ನನ್ನ ಕೈ ಹಿಡಿದುಕೊಂಡರು. ಕೈ ಬಿಡಿಸಿಕೊಳ್ಳಲು ಗೊತ್ತಾಗದೆ ಹಾಗೇ ಕೂತೆ. ಈ ಕೈ ನನಗೇ ಹೇಸಿಗೆ.

ಆಮೇಲೆ ಕೇಳಿದರು. "ಬೀಗ ಹಾಕಿತ್ತಂತಲ್ಲ. ಕೀ ಯಾರ ಹತ್ರ ಇತ್ತು ಅಂತ ಇವಳನ್ನ ಕೇಳಿದ್ರೆ ಬಾಯೇ ಬಿಡ್ತಿಲ್ಲ. ನೀವು ಯೂನಿಯನ್‌ನಲ್ಲಿ ಇರೋರು, ನಿಮಗೆ ಗೊತ್ತಿರುತ್ತೆ. ಯಾರಮ್ಮ ಅದು? ನಾಳೆ ಹೋಗಿ ಅವರ ಮುಖಾನಾದ್ರೂ ನೋಡಿ ಬರ್ತೀನಿ."

ಗುಬ್ಬಿ ಎಚ್ಚರವಾಗಿಯೇ ಇದ್ದಳು. ನನ್ನ ಕಡೆ ತಿರುಗಿದಳು, ಎರಡು ದಿನದಲ್ಲಿ ಮೊದಲ ಸಲ. ನೋಡುತ್ತ ಮಲಗಿದಳು, ನಾನು ಏನು ಹೇಳುತ್ತೇನೆ ಎಂದು.

ನಾನು ಬಾಯಿ ತೆರೆದೆ. ಹೇಳಿದ್ದು ಎರಡೇ ಪದ. "ನನ್ನ ಹತ್ರ."